ಪಟ್ಟೆಯ ಮಡಿ

ಪಟ್ಟೆಯುಡುವುದು ಧರ್ಮವೇ ಎಂಬ ಪ್ರಶ್ನೆ ಬಂದಾಗಲೆಲ್ಲ ಗೂಡಿನೊಳಗೆ ಸಾಯುವ ಹುಳುವಿನ ಮಾತೇ ಮೊದಲು ಏಳುತ್ತದೆ. ಆ ಕರುಣೆ ಯುಕ್ತವಾದುದೇ. ಆದರೆ ಅದು ಹುಳುವಿನಲ್ಲಿಯೇ ನಿಂತುಬಿಡಬಾರದು. ಮೈಸೂರು ರೇಷ್ಮೆಗೆ ತಿರುಮಕೂಡಲು ನರಸೀಪುರದ ಸರ್ಕಾರಿ ಕಾರ್ಖಾನೆಯ ನೂಲು ಸಲ್ಲುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ನೂಲು ಬಿಚ್ಚುವ ಈ ಕಸುಬು ಎಲ್ಲಿಯೇ ನಡೆಯಲಿ, ಅದರ ಅಪಾಯ ಒಂದೇ ಬಗೆಯದು. ಬೆಂದ ಗೂಡುಗಳ ಎಳೆಯನ್ನು ಬಿಸಿನೀರಿನಲ್ಲಿ ಕೈಯಾಡಿಸಿ ಹಿಡಿಯಬೇಕು. ದಿನವೆಲ್ಲ ನೆನೆದ ಬೆರಳುಗಳ ಚರ್ಮ ಸುಲಿದು ಹುಣ್ಣಾಗುವುದುಂಟು. ಗೂಡಿನ ಅಂಶವು ಹಬೆಯೊಡನೆ ಉಸಿರನ್ನು ಸೇರಿ ಕೆಲವರಿಗೆ ಉಬ್ಬಸ ತರುವುದೂ ಉಂಟು.

ಇದು ಅವರವರ ಕರ್ಮವೆಂದು ಸುಮ್ಮನಾಗುವವರಿದ್ದಾರೆ. ತನ್ನ ದುಃಖವನ್ನು ತಾನು ಸಹಿಸುವುದಕ್ಕಾಗಿ ಹಿರಿಯರು ಹೇಳಿದ ಆ ಮಾತನ್ನು ಪರರ ದುಃಖಕ್ಕೆ ಕಣ್ಣು ಮುಚ್ಚಲು ಬಳಸುವುದು ಅನ್ಯಾಯ. ನೆರೆಯ ನಂಜನಗೂಡಿನಲ್ಲಿ ಲೋಕದ ನಂಜನ್ನು ತಾನೇ ಉಂಡ ದೇವನು ನೆಲಸಿದ್ದಾನೆ. ಆತನು ತಾನಾಗಿ ಉಂಡನು. ಕೂಲಿಯವರಿಗಾದರೋ ಹಸಿವು ಉಣಿಸುತ್ತದೆ. ಅವರಿಗೆ ನಂಜುಣಿಸಿದ ಪಟ್ಟೆಯನ್ನುಟ್ಟು ಆತನ ಸನ್ನಿಧಿಯಲ್ಲಿ ನಿಂತರೆ ಅದು ಮಡಿಯೆನಿಸೀತೆ?

ಉದ್ಯೋಗದಿಂದ ಬರುವ ಕೆಲವು ರೋಗಗಳಿಗೆ ಪರಿಹಾರ ಸಲ್ಲಬೇಕೆಂದು 1923ರ ಕಾಯಿದೆಯೇ ಒಪ್ಪಿತು. ಧರ್ಮವು ರೋಗ ಬರುವ ಮುನ್ನವೇ ಎಚ್ಚರಗೊಳ್ಳಬೇಕು. ಹಬೆ ಹೊರಹೋಗಲು ದಾರಿ, ಕೈಗಳಿಗೆ ಬಿಡುವು, ಕಾಲಕಾಲಕ್ಕೆ ವೈದ್ಯರ ಪರೀಕ್ಷೆ, ಇವುಗಳ ವೆಚ್ಚ ಸೀರೆಯ ಬೆಲೆಯಲ್ಲಿ ಸೇರಲಿ. ಉಡುವವರು ಅದನ್ನು ಗೊಣಗದೆ ತೆರಲಿ.