ಮಿಶ್ರಸಂಕಲ್ಪ

ಒಂದೇ ಕರ್ಮದ ಹಿಂದೆ ಎರಡು ಸಂಕಲ್ಪಗಳಿದ್ದು, ಅವುಗಳಲ್ಲೊಂದು ನಿರ್ದೋಷವೂ ಮತ್ತೊಂದು ಸದೋಷವೂ ಆಗಿದ್ದಲ್ಲಿ, ಆ ಕರ್ಮದ ಗುಣವನ್ನು ಯಾವುದರಿಂದ ನಿರ್ಣಯಿಸಬೇಕು? ದಾರ್ಶನಿಕರಿಗೆ ಮೀಸಲೆಂದು ತೋರುವ ಈ ಪ್ರಶ್ನೆ 1985ರಲ್ಲಿ ಅಮೆರಿಕದ ಮೂರನೆಯ ವಲಯದ ಮೇಲ್ಮನವಿ ನ್ಯಾಯಾಲಯದ ಮುಂದೆ, ಗ್ರೀಬರ್ ಎಂಬ ಹೃದ್ರೋಗವೈದ್ಯರ ಮೊಕದ್ದಮೆಯ ರೂಪದಲ್ಲಿ ಬಂದು ನಿಂತಿತು.

ರೋಗಿಯ ಮೈಗೆ ಹೋಲ್ಟರ್ ಮಾನಿಟರೆಂಬ ಯಂತ್ರವನ್ನು ಕಟ್ಟಿ, ಅವನು ನಡೆಯುವಾಗ, ಉಣ್ಣುವಾಗ, ಮಲಗುವಾಗ ಎದೆ ಮಿಡಿದ ಬಗೆಯನ್ನೆಲ್ಲ ಟೇಪಿನ ಮೇಲೆ ದಾಖಲಿಸಿ ಪರಿಶೀಲಿಸುವುದು ಅವರ ಕಾರ್ಡಿಯೊ-ಮೆಡ್ ಸಂಸ್ಥೆಯ ಕೆಲಸವಾಗಿತ್ತು. ಸರ್ಕಾರದ ಮೆಡಿಕೇರ್ ಯೋಜನೆಯಿಂದ ಇದಕ್ಕೆ ಬಂದ ಹಣದಲ್ಲಿ ನೂರಕ್ಕೆ 40ರಂತೆ, ರೋಗಿಯೊಬ್ಬನಿಗೆ 65 ಡಾಲರು ಮೀರದಷ್ಟು, ಆ ರೋಗಿಯನ್ನು ಕಳುಹಿಸಿಕೊಟ್ಟ ವೈದ್ಯನಿಗೆ 'ವ್ಯಾಖ್ಯಾನ ಶುಲ್ಕ'ವೆಂಬ ಹೆಸರಿನಲ್ಲಿ ಸಲ್ಲುತ್ತಿತ್ತು. ಆ ವೈದ್ಯರು ಫಲಿತಾಂಶವನ್ನು ರೋಗಿಗೆ ತಿಳಿಯಹೇಳುತ್ತಿದ್ದರು, ಆದ್ದರಿಂದ ಅದು ದುಡಿಮೆಯ ಪ್ರತಿಫಲವೇ ಹೊರತು ಲಂಚವಲ್ಲ ಎಂಬುದು ಮೇಲ್ಮನವಿಯ ವಾದ. ಆದರೆ ಗ್ರೀಬರರೇ ಪರಿಶೀಲಿಸಿ ಮುಗಿಸಿದ್ದ ದಾಖಲೆಗಳಿಗೂ ಆ ಶುಲ್ಕ ಸಂದಿತ್ತು. ಅದು ದೊರೆಯದಿದ್ದರೆ ವೈದ್ಯರು ತಮ್ಮ ಸೇವೆಯನ್ನು ಬಳಸುತ್ತಿರಲಿಲ್ಲವೆಂದು ಬೇರೊಂದು ವ್ಯಾಜ್ಯದಲ್ಲಿ ಗ್ರೀಬರರೇ ಸಾಕ್ಷ್ಯ ನುಡಿದಿದ್ದರು. ಕೊಟ್ಟ ಹಣದ ಉದ್ದೇಶಗಳಲ್ಲಿ ಒಂದು ಮುಂದೆ ರೋಗಿಗಳನ್ನು ಸೆಳೆಯುವುದಾಗಿದ್ದರೂ ಸಾಕು, ಮಿಕ್ಕವು ಎಷ್ಟೇ ನ್ಯಾಯವಾಗಿದ್ದರೂ, ಮೆಡಿಕೇರ್ ರೋಗಿಗಳನ್ನು ಕಳುಹಿಸಿಕೊಡಲೆಂದು ಹಣ ಕೊಡುವುದನ್ನು ನಿಷೇಧಿಸುವ ಶಾಸನದ ಭಂಗವಾದಂತೆಯೇ ಎಂದು ನ್ಯಾಯಾಲಯ ಅಪರಾಧ ನಿರ್ಣಯವನ್ನು ಎತ್ತಿಹಿಡಿಯಿತು.

ಇದು ಅತಿ ಕಠೋರವೆನ್ನುವವರುಂಟು. ಕೇವಲ ಶುದ್ಧ ಸಂಕಲ್ಪದಿಂದ ಹುಟ್ಟಿದ ಕರ್ಮ ಲೋಕದಲ್ಲಿ ಎಷ್ಟಿದ್ದೀತು? ಗುಡಿ ಕಟ್ಟಿಸುವವನಲ್ಲಿ ಭಕ್ತಿಯ ಜೊತೆಗೆ ಕೀರ್ತಿಯ ಆಸೆಯೂ ಇರುತ್ತದೆ. ಅದಕ್ಕಾಗಿ ನಾವು ಗುಡಿಯನ್ನು ಕೆಡವುವುದಿಲ್ಲ. ಚೇತನೆಯೇ ಕರ್ಮವೆಂದ ಬೌದ್ಧರೂ, ದ್ರವ್ಯಹಿಂಸೆಯಿಂದ ಭಾವಹಿಂಸೆಯನ್ನು ಬೇರ್ಪಡಿಸಿದ ಜೈನರೂ ಅಂತರಂಗವನ್ನು ಬಹು ಸೂಕ್ಷ್ಮವಾಗಿ ಶೋಧಿಸಿದ್ದು ಅದು ಅಷ್ಟು ಸುಲಭವಾಗಿ ಶುದ್ಧವಾಗುವುದಿಲ್ಲವೆಂದು ಬಲ್ಲವರಾದ್ದರಿಂದಲೇ. ಆದರೆ ದಾನಿಯ ಕೀರ್ತಿಕಾಮನೆಯಿಂದ ದೇವರಿಗೆ ನಷ್ಟವಿಲ್ಲ. ರೋಗಿಯ ಸ್ಥಿತಿ ಹಾಗಲ್ಲ. ಆ ಯಂತ್ರ ತನಗೆ ಬೇಕೋ ಬೇಡವೋ ಎಂಬುದನ್ನು ಅರಿಯಲಾರದೆ, ವೈದ್ಯನ ವಿವೇಕವನ್ನೇ ತನ್ನ ವಿವೇಕವೆಂದು ನಂಬಿ ಎದೆಯನ್ನು ಒಡ್ಡಿ ಕುಳಿತವನು ಅವನು. ಹಣ ಕೈಸೇರಿದ ಬಳಿಕ, ತಾನು ಚೀಟಿ ಬರೆದದ್ದು ರೋಗದ ಶಂಕೆಯಿಂದಲೋ ಡಾಲರಿನ ಆಸೆಯಿಂದಲೋ ಎಂಬುದನ್ನು ಸ್ವಯಂ ವೈದ್ಯನೇ ಪ್ರಾಮಾಣಿಕವಾಗಿ ಹೇಳಬಲ್ಲನೇ? ಹೇಳಲಾರನೆಂದು ನನ್ನ ನಂಬಿಕೆ. ಆದ್ದರಿಂದ, ಯಾವ ಉದ್ದೇಶ ಎಷ್ಟು ಪಾಲಿತ್ತೆಂದು ಅಳೆಯಲೊಪ್ಪದ ನ್ಯಾಯಾಲಯದ ನಿಲುವನ್ನು ನಾನು ಕ್ರೌರ್ಯವೆನ್ನುವುದಿಲ್ಲ. ಮನುಷ್ಯಮನಸ್ಸಿನ ಆತ್ಮವಂಚನೆಯನ್ನು ಕುರಿತ ಸತ್ಯಜ್ಞಾನವೆನ್ನುತ್ತೇನೆ.

ಧನಕ್ಕಲ್ಲದೆ ಭೂತದಯೆಗಾಗಿ ಚಿಕಿತ್ಸೆ ಮಾಡುವವನನ್ನು ಚರಕಸಂಹಿತೆ ಎಲ್ಲರಿಗಿಂತ ಮೇಲಿರಿಸಿದೆ. ಶಾಸನ ಆ ಎತ್ತರವನ್ನು ಕೇಳುವುದಿಲ್ಲ. ವೈದ್ಯನು ತನ್ನ ಶುಲ್ಕವನ್ನು ನೇರವಾಗಿ ಪಡೆಯಲಿ, ರೋಗಿಯನ್ನು ಮಾತ್ರ ಮಾರದಿರಲಿ ಎಂದಷ್ಟೇ ಅದರ ಅಪೇಕ್ಷೆ. ಗ್ರೀಬರ್ ತೀರ್ಪಿನ ತತ್ತ್ವವನ್ನು ಆ ದೇಶದ ಬೇರೆ ಹಲವು ವಲಯಗಳ ನ್ಯಾಯಾಲಯಗಳೂ ಅನಂತರ ಅಂಗೀಕರಿಸಿದವು. ಈ ಅಪರಾಧಕ್ಕೆ 1977ರಿಂದ ಐದು ವರ್ಷವಿದ್ದ ಗರಿಷ್ಠ ಕಾರಾಗೃಹವಾಸವನ್ನು 2018ರಲ್ಲಿ ಅಲ್ಲಿನ ಶಾಸನಸಭೆ ಹತ್ತು ವರ್ಷಕ್ಕೆ ಏರಿಸಿತು.