ಫೇರ್ ಎಂಬ ಬೆಳ್ಳಗಿನ ಮಾತು

ನಾವು ಓದಿದ ಶಾಲೆಯಲ್ಲಿ ಎರಡು ನೋಟ್‌ಬುಕ್ಕು ಇರಬೇಕಿತ್ತು. ಒಂದು ರಫ್, ಇನ್ನೊಂದು ಫೇರ್. ಎರಡು ಕೊಳ್ಳುವ ಶಕ್ತಿ ನಮ್ಮ ಕೇರಿಯವರಿಗೆ ಇರಲಿಲ್ಲವಾಗಿ ಒಂದರಲ್ಲೇ ಮುಂದಿನಿಂದ ರಫ್, ಹಿಂದಿನಿಂದ ಫೇರ್ ಬರೆಯುತ್ತಿದ್ದೆವು. ಮಸಿ ಸೋರುವ ಪೆನ್ನು, ತೆಳು ಹಾಳೆ. ಈ ಬದಿಯ ಅಕ್ಷರ ಆ ಬದಿಗೆ ಮೂಡುತ್ತಿತ್ತು. ಮೇಷ್ಟ್ರು ಎತ್ತಿ ಹಿಡಿದು, "ಇದೇನೋ ಫೇರು? ನಿನ್ನ ಮೂತಿ ಇದ್ದಂಗೇ ಇದೆಯಲ್ಲೋ" ಅಂದರು. ತರಗತಿ ನಕ್ಕಿತು. ನಾವೂ ನಕ್ಕೆವು. ಒಂದು ಇಂಗ್ಲಿಷ್ ಪದದ ಎರಡು ಅರ್ಥಗಳನ್ನು ಅವರು ಒಂದೇ ಏಟಿಗೆ ಕಲಿಸಿದ್ದರೆಂಬುದು ಎಷ್ಟೋ ವರ್ಷದ ಮೇಲೆ ನಿಘಂಟು ತೆರೆದಾಗ ತಿಳಿಯಿತು.

ನಿಘಂಟಿನಲ್ಲಿ ಈ ಪದದ ಅರ್ಥಗಳು ಊರಗೌಡರ ಜಮೀನಿದ್ದ ಹಾಗೆ, ಎತ್ತ ತಿರುಗಿದರೂ ಅವೇ. ಚೆಲುವಾದದ್ದು ಫೇರ್. ಬಿಳಿ ತೊಗಲು ಫೇರ್. ಚಿತ್ತಿಲ್ಲದ ಪ್ರತಿ ಫೇರ್. ಮಳೆ ಮೋಡವಿಲ್ಲದ ಆಕಾಶ ಫೇರ್. (ಇಂಗ್ಲೆಂಡಿನವನಿಗೆ ಅದು ಚೆಂದವಿರಬಹುದು, ನಮ್ಮ ಬಯಲುಸೀಮೆಯವನಿಗೆ ಅಂಥ ಆಕಾಶ ಕಂಡರೆ ಎದೆ ಒಡೆಯುತ್ತದೆ.) ಬೇಟೆಯಲ್ಲಿ ಕೊಲ್ಲಲು ಅಡ್ಡಿಯಿಲ್ಲದ ಪ್ರಾಣಿಗೂ ಇದೇ ವಿಶೇಷಣ. ನ್ಯಾಯವಾದದ್ದೂ ಫೇರ್. ಜಾತ್ರೆ ಎನ್ನುವ ಅರ್ಥದ ಫೇರ್ ಮಾತ್ರ ಲ್ಯಾಟಿನ್ನಿನಿಂದ ಬಂದ ಬೇರೆ ವಂಶದ್ದು, ಅದನ್ನು ಬಿಡೋಣ.

ಮಿಕ್ಕವೆಲ್ಲ ಒಂದೇ ಬೇರಿನವು. ಹಳೆಯ ಇಂಗ್ಲಿಷಿನಲ್ಲಿ ಪದಕ್ಕೆ ಚೆಂದ ಎಂದರ್ಥ. 16ನೇ ಶತಮಾನದ ಹೊತ್ತಿಗೆ ಬಿಳಿ ಬಣ್ಣ ಅದರೊಳಕ್ಕೆ ಬಂದು ಕೂತಿತ್ತು. ಕಲೆಯಿಲ್ಲದ್ದು ಚೆಂದ, ಕಲೆಯಿಲ್ಲದ ನಡತೆ ನ್ಯಾಯ, ಹೀಗೆ ಸಾಗಿದೆ ದಾರಿ. ಇದರ ಎದುರು ಪದ ಯಾವುದು? ಕಬಡ್ಡಿ ಆಡುವಾಗ ನಾವೆಲ್ಲ ಕೂಗಿದ್ದೇವಲ್ಲ, ಫೌಲ್ ಎಂದು, ಅದೇ. ಅದರ ಮೂಲ ಅರ್ಥ ಕೊಳೆತದ್ದು, ನಾರುವಂಥದ್ದು. ಚೊಕ್ಕಟವಾದದ್ದು ಒಂದು ಕಡೆ, ಹೊಲಸು ಇನ್ನೊಂದು ಕಡೆ. ಚೊಕ್ಕಟವಾದದ್ದರ ಕಡೆಗೇ ನ್ಯಾಯ. ಮೈಲಿಗೆ ಎನ್ನಿಸಿಕೊಂಡು ಬದುಕಿದವರಿಗೆ ಈ ಲೆಕ್ಕ ಹೊಸದೇನಲ್ಲ.

ಹಾಗಂತ ಕನ್ನಡ ಸಾಚಾ ಎಂದು ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಫೇರ್ ಕಾಪಿಯನ್ನು ನಮ್ಮ ಪಂಡಿತರು ಏನೆಂದರು? ಶುದ್ಧಪ್ರತಿ ಎಂದರು! ಮಡಿ ಉಟ್ಟ ಕಾಗದ. ವರ್ಣ ಎಂಬ ಒಂದೇ ಮಾತಿನಲ್ಲಿ ಬಣ್ಣವನ್ನೂ ಹುಟ್ಟಿನ ಮೆಟ್ಟಿಲನ್ನೂ ಕಟ್ಟಿಟ್ಟ ದೇಶ ಇದು. ಇಂಗ್ಲಿಷಿನ ಪದ ಇಲ್ಲಿಗೆ ಬಂದಾಗ ಅದಕ್ಕೆ ಅತಿಥಿಯ ಸಂಕೋಚ ಇದ್ದಿರಲಾರದು, ನೆಂಟರ ಮನೆಗೆ ಬಂದ ಹಾಗೇ ಬಂದಿರಬೇಕು.

1975ರಲ್ಲಿ ಹಿಂದೂಸ್ತಾನ್ ಲಿವರ್ ಕಂಪನಿ ಈ ಪದವನ್ನೇ ಹೆಸರಾಗಿಟ್ಟು ಮುಖಕ್ಕೆ ಹಚ್ಚುವ ಕ್ರೀಮು ತಂದಿತು. ಕರಿ ಹುಡುಗಿಯರ ಕೈಗೆ ಟ್ಯೂಬು ಬಂತು. ಗಂಡಿನ ಕಡೆಯವರ ಜಾಹೀರಾತಿನಲ್ಲಿ ಫೇರ್ ಎನ್ನುವುದು ಜಾತಿಯ ಪಕ್ಕದಲ್ಲೇ ಕೂತಿತು. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಮಂಡಿಯೂರಿ ಕೊಂದ ಮೇಲೆ, ಲೋಕವೆಲ್ಲ ಬೀದಿಗಿಳಿದ ಮೇಲೆ, ಆ ಹೆಸರಿನ ಫೇರ್ ಹೋಗಿ ಗ್ಲೋ ಬಂತು. ನಲವತ್ತೈದು ವರ್ಷ ಇಲ್ಲಿನ ಹೆಣ್ಣುಮಕ್ಕಳು ಕನ್ನಡಿ ಮುಂದೆ ಅತ್ತದ್ದು ಸಾಲದೆ, ದೂರದೇಶದ ಒಂದು ಹೆಣ ಬೇಕಾಯಿತು ಒಂದು ಪದ ಕಳಚಲು.

ಇನ್ನೊಂದು ಅರ್ಥ ನಮ್ಮನ್ನು ಹೆಚ್ಚು ಕಾಡುತ್ತದೆ. ಅಂಕಪಟ್ಟಿಯಲ್ಲಿ ಫೇರ್ ಎಂದರೆ ಸುಮಾರು. ಗುಡ್‌ಗಿಂತ ಕೆಳಗೆ, ಫೇಲಿಗಿಂತ ಮೇಲೆ. 1948ರಲ್ಲಿ ಭಾರತ ಸರ್ಕಾರ ಫೇರ್ ವೇಜಸ್ ಬಗ್ಗೆ ಒಂದು ಸಮಿತಿ ಮಾಡಿತು. ಅದು ಕೂಲಿಯನ್ನು ಮೂರು ಮೆಟ್ಟಿಲಾಗಿ ನೋಡಿತು. ತಳದಲ್ಲಿ ಕನಿಷ್ಠ ಕೂಲಿ, ತುದಿಯಲ್ಲಿ ಮನುಷ್ಯನ ಹಾಗೆ ಬದುಕಲು ಬೇಕಾದ ಜೀವನ ಕೂಲಿ, ನಡುವೆ ಈ ಫೇರ್ ಕೂಲಿ. ಅದರ ಮೇಲಿನ ಮಿತಿ ಉದ್ಯಮಕ್ಕೆ ಎಷ್ಟು ಕೊಡಲು ತಾಕತ್ತಿದೆ ಎಂಬುದು! ಅಂದರೆ ನ್ಯಾಯದ ಕೂಲಿ ಬದುಕುವ ಕೂಲಿಗಿಂತ ಕೆಳಗೆ. ಸಮಿತಿಯವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ, ಕೊಡಿಸಲು ಸಾಧ್ಯವಾದದ್ದನ್ನು ಕೊಡಿಸಲು ಹೊರಟಿದ್ದರು. ಆದರೆ ಸಾಧ್ಯವಾದದ್ದಕ್ಕೆ ನ್ಯಾಯವಾದದ್ದು ಎಂದು ಹೆಸರಿಟ್ಟರೆ, ಉಳಿದ ಹಸಿವಿಗೆ ಏನೆಂದು ಹೆಸರಿಡುವುದು?

ಇಷ್ಟು ಬೈದ ಮೇಲೆ ಪದವನ್ನೇ ಊರಾಚೆ ಹಾಕೋಣವೆ? ಅಲ್ಲೇ ನಮ್ಮ ಕಾಲು ನಿಲ್ಲುತ್ತದೆ. ಹುಟ್ಟಿದ ಮನೆಯನ್ನು ನೋಡಿ ಪದದ ಯೋಗ್ಯತೆ ಅಳೆಯುವುದಾದರೆ, ನಮ್ಮನ್ನು ಹಾಗೆ ಅಳೆದವರಿಗೂ ನಮಗೂ ಏನು ಫರಕು? ಬೀದಿಯಲ್ಲಿ ಗೋಲಿ ಆಡುವ ಮಗು ತನ್ನ ಸರದಿ ತಪ್ಪಿದಾಗ "ಇದು ಫೇರಲ್ಲ" ಅನ್ನುತ್ತದೆ. ಅದರ ಬಾಯಲ್ಲಿ ಬಿಳಿ ತೊಗಲೂ ಇಲ್ಲ, ಮಡಿಯೂ ಇಲ್ಲ. "ನಾನು ಫೇರಾಗೇ ಕೊಟ್ಟಿದ್ದೀನಲ್ಲಯ್ಯ" ಎಂದು ಧಣಿ ಹೇಳಿದಾಗ ಅದೇ ಪದ ಬಾಗಿಲು ಹಾಕಿಕೊಳ್ಳುತ್ತದೆ. ಅಮೆರಿಕದ ಜಾನ್ ರಾಲ್ಸ್ 1971ರ ತನ್ನ ಪುಸ್ತಕದಲ್ಲಿ ಫೇರ್ ಆಗಿರುವುದೇ ನ್ಯಾಯ ಎಂದು ವಾದಿಸಿದ. ಕನ್ನಡಕ್ಕೆ ತಂದರೆ ನ್ಯಾಯವೇ ನ್ಯಾಯ ಎಂದಾಗಿ ನಗೆಪಾಟಲಾಗುತ್ತದೆ! ಆದರೆ ಅವನ ಒಳಮಾತನ್ನು ನಮ್ಮ ಊರಿಗೆ ತಂದು ನೋಡಿ: ನೀವು ಯಾವ ಕೇರಿಯಲ್ಲಿ ಹುಟ್ಟುತ್ತೀರಿ ಅಂತ ನಿಮಗೇ ಗೊತ್ತಿಲ್ಲ ಅಂದ್ಕೊಳ್ಳಿ, ಈಗ ಊರಿನ ಕಟ್ಟಳೆ ಬರೀರಿ. ಬಾವಿಯ ಕಟ್ಟಳೆ, ಗುಡಿಯ ಕಟ್ಟಳೆ, ಸ್ಮಶಾನದ ಕಟ್ಟಳೆ. ಯಾವ ಗೌಡನ ಕೈ ನಡುಗುವುದಿಲ್ಲ?

ನಮ್ಮ ಕಡೆ ನ್ಯಾಯ ಎಂಬ ಮಾತಿಗೆ ಪಂಡಿತರು ಅಷ್ಟಾಗಿ ಲೆಕ್ಕಕ್ಕಿಡದ ಇನ್ನೊಂದು ಅರ್ಥವಿದೆ: ಜಗಳ. ನ್ಯಾಯ ತೆಗೆದಳು ಅಂದರೆ ಜಗಳ ತೆಗೆದಳು ಅಂತ. ಫೇರ್ ಪ್ರೈಸ್ ಶಾಪ್ ಕನ್ನಡದಲ್ಲಿ ನ್ಯಾಯಬೆಲೆ ಅಂಗಡಿ ಆಯಿತು. ನಾವು ಚಿಕ್ಕವರಿದ್ದಾಗ ಅಲ್ಲಿ ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದೆವು. ಅಳತೆಯ ಡಬ್ಬದಲ್ಲಿ ಅರ್ಧ ನೊರೆ. ಓದು ಬಾರದ ನಮ್ಮ ಅವ್ವ ನೊರೆ ಇಳಿಯುವ ತನಕ ಕ್ಯಾನು ಒಡ್ಡುತ್ತಿರಲಿಲ್ಲ. ಅಂಗಡಿಯವರು ರೇಗಿದರು: "ಏನಮ್ಮೀ, ತಿಂಗ್ಳಾ ತಿಂಗ್ಳಾ ಬಂದು ನ್ಯಾಯ ತೆಗೀತೀಯಲ್ಲ!"

"ನ್ಯಾಯದ್ ಅಂಗಡಿ ಅಂತ ನೀವೇ ಬರ್ಸಿದ್ದೀರಂತಲ್ಲ ಬುದ್ದಿ. ಇಲ್ ತೆಗೀದೆ ಇನ್ನೆಲ್ ತೆಗೀಲಿ? ಹುಯ್ರಿ, ಇನ್ನೂ ಹುಯ್ರಿ."