ಕತ್ತರಿ ಯಾರ ಕೈಯಲ್ಲಿರಬೇಕು?

ಹಲವು ವರ್ಷ ಸ್ವತಂತ್ರವಾಗಿ ದುಡಿದ ವ್ಯಕ್ತಿಯೊಬ್ಬರು ಮತ್ತೆ ತರಗತಿಗೆ, ಅದೂ ಸಹಾಯಕ ಬೋಧಕರಾಗಿ, ಹಿಂದಿರುಗಿದರೆ ಮನೆಮಂದಿಯ ಪ್ರಶ್ನೆ ಒಂದೇ: ಇದು ಏರಿಕೆಯೋ, ಇಳಿಕೆಯೋ? ಚಲನಚಿತ್ರ ಕ್ಷೇತ್ರದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ತೆರೆಯ ಮೇಲೆ ಹೆಸರು ಮೂಡುವುದೇ ಅಲ್ಲಿನ ಗೌರವ. ವಿದ್ಯಾರ್ಥಿಯ ಚಿತ್ರಕ್ಕೆ ನೆರವಾದವರ ಹೆಸರನ್ನು ಯಾರು ನೆನಪಿಡುತ್ತಾರೆ?

ಮಾಸ್ಕೋದಲ್ಲಿ 1919ರಲ್ಲಿ ಚಲನಚಿತ್ರ ಶಾಲೆಯೊಂದು ಆರಂಭವಾಯಿತು. ಅಲ್ಲಿ ಕಲಿಸುತ್ತಿದ್ದ ಲೆವ್ ಕುಲೆಶೋವ್ ಹುಟ್ಟಿದ್ದು 1899ರಲ್ಲಿ. ಮೊದಲ ಮಹಾಯುದ್ಧದಲ್ಲಿ ಸೆರೆಯಾಳಾಗಿದ್ದು ಮರಳಿದ ಪುಡೊವ್‌ಕಿನ್ ಹುಟ್ಟಿದ್ದು 1893ರಲ್ಲಿ. ತಮಗಿಂತ ಆರು ವರ್ಷ ಕಿರಿಯ ಗುರುವಿನ ಕಾರ್ಯಾಗಾರದಲ್ಲಿ ಅವರು ಶಿಷ್ಯರಾಗಿ, ಸಹಾಯಕರಾಗಿ, ನಟರಾಗಿ ದುಡಿದರು. ಮುಂದೆ 1926ರಲ್ಲಿ 'ತಾಯಿ' ಎಂಬ ಪ್ರಸಿದ್ಧ ಚಿತ್ರವನ್ನು ನಿರ್ದೇಶಿಸಿದರು. ಕಲಿಕೆಗೆ ವಯಸ್ಸಿನ, ಸ್ಥಾನದ ಹಂಗಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಆದರೆ ಸ್ಥಾನದ ಪ್ರಶ್ನೆಗಿಂತ ಗಹನವಾದ ಇನ್ನೊಂದು ಪ್ರಶ್ನೆಯಿದೆ. ಸಹಾಯಕನಾದವನು ಎಲ್ಲಿಯವರೆಗೆ ಸಹಾಯ ಮಾಡಬೇಕು? ವಿದ್ಯಾರ್ಥಿಯೊಬ್ಬ ಸಂಕಲನದ ಮೇಜಿನ ಮುಂದೆ ತಡವರಿಸುತ್ತಿದ್ದಾನೆಂದು ಭಾವಿಸೋಣ. ಅನುಭವಿಯಾದವನು ಹತ್ತು ನಿಮಿಷಗಳಲ್ಲಿ ಆ ದೃಶ್ಯವನ್ನು ಸರಿಪಡಿಸಬಲ್ಲ. ಚಿತ್ರ ಚೆನ್ನಾಗುತ್ತದೆ, ವಿದ್ಯಾರ್ಥಿ ಮಾತ್ರ ಇದ್ದಲ್ಲಿಯೇ ಉಳಿಯುತ್ತಾನೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ 1960ರ ದಶಕದ ಮಧ್ಯಭಾಗದಲ್ಲಿ ಋತ್ವಿಕ್ ಘಟಕ್ ಕೆಲಕಾಲ ಬೋಧಿಸಿದರು. ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಅವರ ಶಿಷ್ಯರು. ಈ ಮೂವರ ಚಿತ್ರಗಳು ಗುರುವಿನ ಚಿತ್ರಗಳ ನಕಲುಗಳಲ್ಲ. ಒಂದನ್ನೊಂದು ಹೋಲುವುದೂ ಇಲ್ಲ. ಶಿಷ್ಯನ ಕೈಯಿಂದ ಕತ್ತರಿಯನ್ನು ಕಸಿದುಕೊಳ್ಳದ ಬೋಧನೆಯ ಫಲ ಹೀಗಿರುತ್ತದೆ.

ಹಾಗೆಂದು ಸುಮ್ಮನೆ ನೋಡುತ್ತ ನಿಲ್ಲುವುದೇ ಔದಾರ್ಯವೆ? ಕುಲೆಶೋವ್ ಅವರ ಪ್ರಖ್ಯಾತ ಪ್ರಯೋಗವನ್ನು ನೆನೆಯೋಣ. ನಟನ ನಿರ್ಭಾವದ ಮುಖವನ್ನು ಸೂಪಿನ ಬಟ್ಟಲಿನೊಡನೆ ಜೋಡಿಸಿದಾಗ ನೋಡುಗರಿಗೆ ಅದರಲ್ಲಿ ಹಸಿವು ಕಂಡಿತಂತೆ. ಶವಪೆಟ್ಟಿಗೆಯೊಡನೆ ಜೋಡಿಸಿದಾಗ ಅದೇ ಮುಖದಲ್ಲಿ ದುಃಖ ಕಂಡಿತಂತೆ. ಮುಖ ಬದಲಾಗಲಿಲ್ಲ, ನೆರೆಯ ಚಿತ್ರ ಬದಲಾಯಿತು. ಹಾಗಾದರೆ ಬಾಗಿಲ ಬಳಿ ಸುಮ್ಮನೆ ಕುಳಿತ ಅಜ್ಜಿಯೊಬ್ಬರನ್ನು ಚಿತ್ರೀಕರಿಸಿ, ಪಕ್ಕಕ್ಕೆ ಖಾಲಿ ತಟ್ಟೆಯನ್ನಿಟ್ಟು ತೋರಿಸಿದರೆ, ಅವರ ಮಕ್ಕಳು ನೋಡುಗರ ಕಣ್ಣಿಗೆ ನಿರ್ದಯರಾಗಿಬಿಡುತ್ತಾರೆ. ಅದು ಸುಳ್ಳಾಗಿದ್ದರೂ ಪ್ರತಿಭಟಿಸಲು ಆ ಕುಟುಂಬ ಸಂಕಲನದ ಕೋಣೆಯಲ್ಲಿರುವುದಿಲ್ಲ.

ಇಲ್ಲಿಯೇ ವಿವೇಚನೆ ಅಗತ್ಯ. ಕಲೆಯ ದೋಷಗಳನ್ನು ವಿದ್ಯಾರ್ಥಿ ತಾನೇ ಎಡವಿ ಕಂಡುಕೊಳ್ಳಲಿ. ಅದರ ನಷ್ಟ ಅವನೊಬ್ಬನದೇ. ಆದರೆ ಮೂರನೆಯ ವ್ಯಕ್ತಿಯ ಮಾನಕ್ಕೆ ಧಕ್ಕೆ ಬರುವಲ್ಲಿ ಮೌನ ಸಲ್ಲದು. ಒಬ್ಬನ ಕಲಿಕೆಯ ಬೆಲೆಯನ್ನು ಇನ್ನೊಬ್ಬರಿಂದ ವಸೂಲು ಮಾಡಲಾಗದು. ಆಗಲೂ ಮೊದಲು ಬೇಕಾದುದು ಒಂದು ಪ್ರಶ್ನೆ: "ಈ ದೃಶ್ಯವನ್ನು ಆ ಅಜ್ಜಿಯ ಪಕ್ಕದಲ್ಲಿ ಕುಳಿತು ನೋಡಬಲ್ಲೆಯಾ, ಮಗೂ?" ಆತ ಕೇಳದಿದ್ದರೆ 'ಇದು ಸಲ್ಲದು' ಎಂದು ಸ್ಪಷ್ಟವಾಗಿ ಹೇಳಲೇಬೇಕು.

ಇಂಥ ಪ್ರಶ್ನೆಯನ್ನು ಕೇಳಲು ಸಹಾಯಕನ ಸಣ್ಣ ಸ್ಥಾನವೇ ಅನುಕೂಲ. ಅಂತಿಮ ತೀರ್ಪು ಸಾಮಾನ್ಯವಾಗಿ ಆತನದಲ್ಲವಾದ್ದರಿಂದ ವಿದ್ಯಾರ್ಥಿ ತನ್ನ ಅಳುಕನ್ನು ಅವನೆದುರು ಮುಚ್ಚಿಡಬೇಕಾಗಿಲ್ಲ. ತಿಳಿದವನು ಪಕ್ಕದಲ್ಲಿದ್ದಾನೆ, ಆದರೆ ಮೇಲೆರಗುವುದಿಲ್ಲ ಎಂಬ ಭರವಸೆಯಲ್ಲಿ ಕಲಿಕೆ ಬೇರೂರುತ್ತದೆ.

ಮಗುವಿನ ಚಿತ್ರವನ್ನು ತಾವೇ ಬರೆದು ಶಾಲೆಗೆ ಕಳುಹಿಸುವ ಹೆತ್ತವರು ನಮ್ಮಲ್ಲಿಯೂ ಇದ್ದಾರೆ. ಅವರದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಬಲ್ಲವನು ತನ್ನ ಕೈಯನ್ನು ತಡೆದು, ಕಣ್ಣನ್ನು ಮಾತ್ರ ಎಚ್ಚರವಾಗಿಟ್ಟುಕೊಳ್ಳುವುದು ಇನ್ನೂ ಕಷ್ಟದ ಪ್ರೀತಿ. ಅದನ್ನು ಕಲಿಯುವ ಸಲುವಾಗಿ ತರಗತಿಗೆ ಹಿಂದಿರುಗಿದವರನ್ನು ಇಳಿದವರೆಂದು ಹೇಗೆ ಕರೆಯೋಣ?